ಬೋರ್ಡು ಬದಲಾದರೂ ಗೋಡೆ ಅದೇ: ಅಮೆರಿಕದ ಉಪನಗರ ಮಾಲ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವವರಿಂದ, ಮಕ್ಕಳ ಮನೆಗೆಂದು ಹೋಗಿ ಬಂದವರಿಂದ ಅಲ್ಲಿನ ಊರಾಚೆಯ ಹಳೆ ಮಾಲ್‌ಗಳ ಬಗ್ಗೆ ಹಲವು ಪತ್ರಗಳು ಬಂದಿವೆ. ಒಂದೇ ವಿಷಯದವಾದ್ದರಿಂದ ಈ ಬಾರಿ ಒಟ್ಟಿಗೇ ಉತ್ತರಿಸುತ್ತಿದ್ದೇವೆ.

ಪ್ರಶ್ನೆ: ಮಿನಿಯಾಪೊಲಿಸ್ ಪಕ್ಕದ ಈಡೈನಾದಲ್ಲಿರುವ ಸೌತ್‌ಡೇಲ್ ಅಮೆರಿಕದ ಮೊದಲ ಮಾಲ್ ಎಂದು ಇಲ್ಲಿನವರು ಹೇಳುತ್ತಾರೆ. ಸಿಯಾಟಲ್‌ನ ಗೆಳೆಯರು ತಮ್ಮ ನಾರ್ತ್‌ಗೇಟ್ ಅದಕ್ಕಿಂತ ಹಳೆಯದು ಎನ್ನುತ್ತಾರೆ. ಯಾವುದು ಸರಿ? (ಮಿನೆಸೋಟಾದ ಓದುಗರು)

ಉತ್ತರ: ಇಬ್ಬರ ಮಾತೂ ಸರಿ. ನಾರ್ತ್‌ಗೇಟ್ ಬಾಗಿಲು ತೆರೆದದ್ದು 1950ರಲ್ಲಿ. ಎದುರುಬದುರಾಗಿ ಎರಡು ಸಾಲು ಅಂಗಡಿ, ನಡುವೆ ಕಾಲ್ನಡಿಗೆಯವರಿಗೆ ಮಾತ್ರ ಬಿಟ್ಟ ದಾರಿ, ಸುತ್ತಲೂ ಕಾರು ನಿಲ್ಲಿಸುವ ಬಯಲು, ಜನರನ್ನು ಸೆಳೆಯಲು ಬಾನ್ ಮಾರ್ಶೇ ಎಂಬ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್. ಸರಕಿನ ಲಾರಿಗಳು ಗಿರಾಕಿಗಳ ಕಣ್ಣಿಗೆ ಬೀಳದೆ ನೆಲದಡಿಯ ಸುರಂಗದಲ್ಲಿ ಬಂದು ಹೋಗುತ್ತಿದ್ದವು. ಮಾಲ್‌ನ ರೂಪುರೇಷೆ ಅಷ್ಟರಲ್ಲೇ ಸಿದ್ಧವಾಗಿತ್ತು. ಇಲ್ಲದಿದ್ದದ್ದು ಸೂರು ಮಾತ್ರ. ನಡುದಾರಿಗೆ ಅದು ಬಂದದ್ದು 1974ರಲ್ಲಿ. ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿ 1954ರಲ್ಲಿ ಶುರುವಾದ ನಾರ್ತ್‌ಲ್ಯಾಂಡ್ ಕೂಡ ಬಯಲು ಮಾಲೇ ಆಗಿತ್ತು.

ಸೌತ್‌ಡೇಲ್ ತೆರೆದದ್ದು 1956ರ ಅಕ್ಟೋಬರ್ 8ರಂದು. ಇಡೀ ಕಟ್ಟಡ ಒಂದೇ ಸೂರಿನಡಿ ಇದ್ದು, ಒಳಗೆ ವರ್ಷವಿಡೀ ಸುಮಾರು 24 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಂಡ ಮೊದಲ ಉಪನಗರ ಮಾಲ್ ಅದು. ಕಟ್ಟಿಸಿದ್ದು ಮಿನಿಯಾಪೊಲಿಸ್‌ನ ಡಿಪಾರ್ಟ್‌ಮೆಂಟ್ ಸ್ಟೋರ್ ಕಂಪನಿ ಡೇಟನ್ಸ್. ನಕ್ಷೆ ವಿಕ್ಟರ್ ಗ್ರೂಯೆನ್ ಅವರದು. ವಿಯೆನ್ನಾದಲ್ಲಿ ಹುಟ್ಟಿ 1938ರಲ್ಲಿ ಅಮೆರಿಕಕ್ಕೆ ಬಂದ ಈ ವಾಸ್ತುಶಿಲ್ಪಿಯೇ ನಾರ್ತ್‌ಲ್ಯಾಂಡನ್ನೂ ರೂಪಿಸಿದ್ದರು. ಸೌತ್‌ಡೇಲ್‌ಗೆ ತಗುಲಿದ ವೆಚ್ಚ 2 ಕೋಟಿ ಡಾಲರ್. ಆರಂಭದಲ್ಲಿ 72 ಅಂಗಡಿ, ಸುಮಾರು 5,200 ಕಾರುಗಳಿಗೆ ಜಾಗ.

ಮಿನೆಸೋಟಾದ ಚಳಿಗಾಗಿ ಸೂರು ಹಾಕಿದರು ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಸೂರು ಬಂದ ಮೇಲೆ ಪ್ರತಿ ಅಂಗಡಿಗೂ ಮಳೆ–ಗಾಳಿ ತಡೆಯುವ ಹೊರಗೋಡೆ ಬೇಕಿಲ್ಲ, ಎದುರಿಗೆ ಗಾಜು ಅಥವಾ ಮಡಚುವ ಜಾಲರಿ ಸಾಕು. ಎರಡು ಅಂತಸ್ತು ಮಾಡಿದರೆ ನಡೆಯುವ ದೂರ ಅರ್ಧಕ್ಕಿಳಿಯುತ್ತದೆ. ಆದರೆ ಮೇಲಿನ ಅಂತಸ್ತಿಗೆ ಜನ ಹತ್ತುವುದಿಲ್ಲ ಎಂಬುದು ಅಂಗಡಿಯವರ ಹಳೆಯ ಭಯ. ಅದಕ್ಕೆ ಪಾರ್ಕಿಂಗ್ ಬಯಲನ್ನು ಇಳಿಜಾರು ಮಾಡಿ, ಕೆಲವು ಕಡೆಯಿಂದ ಬಂದವರು ನೇರ ಕೆಳ ಅಂತಸ್ತಿಗೂ ಕೆಲವು ಕಡೆಯಿಂದ ಬಂದವರು ನೇರ ಮೇಲಿನದಕ್ಕೂ ಕಾಲಿಡುವಂತೆ ಮಾಡಿದರು. ಈ ಉಪಾಯವನ್ನು ಆಮೇಲೆ ಕಟ್ಟಿದ ನೂರಾರು ಮಾಲ್‌ಗಳಲ್ಲಿ ನೋಡಬಹುದು. ಗ್ರೂಯೆನ್ ಮನಸ್ಸಿನಲ್ಲಿದ್ದದ್ದು ಬರೀ ಅಂಗಡಿಗಳಲ್ಲ. ಸುಮಾರು 460 ಎಕರೆಯಲ್ಲಿ ಮನೆ, ಶಾಲೆ, ಆಸ್ಪತ್ರೆ, ಕೆರೆ ಎಲ್ಲ ಇರುವ ಹೊಸ ಪೇಟೆ. ಕಟ್ಟಿದ್ದು ಮಾಲ್, ಉಳಿದದ್ದು ಅವರ ಯೋಜನೆಯಂತೆ ಬೆಳೆಯಲಿಲ್ಲ. ಕೊನೆಗಾಲದಲ್ಲಿ ಅವರು ಇಂಥ ಮಾಲ್‌ಗಳ ಪಿತೃತ್ವವನ್ನೇ ಬಹಿರಂಗವಾಗಿ ನಿರಾಕರಿಸಿದರು.

ಪ್ರಶ್ನೆ: ನಮ್ಮೂರ ಮಾಲ್‌ನಲ್ಲಿ ಈಗ ಮೇಸೀಸ್ ಇರುವ ಕಟ್ಟಡವನ್ನು ಹಳಬರು ಬೇರೆ ಹೆಸರಿನಿಂದ ಕರೆಯುತ್ತಾರೆ. ಒಬ್ಬೊಬ್ಬರದು ಒಂದೊಂದು ಹೆಸರು. ಏಕೆ ಹೀಗೆ? (ಪೆನ್ಸಿಲ್ವೇನಿಯಾದ ಓದುಗರು)

ಉತ್ತರ: ಆ ಕಟ್ಟಡ ನಿಜಕ್ಕೂ ಹಲವು ಹೆಸರು ಕಂಡಿರುತ್ತದೆ. ಮಾಲ್‌ನ ತುದಿಗಳಲ್ಲಿ ನಿಲ್ಲುವ ಈ ದೊಡ್ಡ ಅಂಗಡಿಗಳಿಗೆ ಆಂಕರ್ ಎನ್ನುತ್ತಾರೆ. ಮೊದಲು ಒಂದೊಂದು ನಗರಕ್ಕೆ ಅದರದೇ ಡಿಪಾರ್ಟ್‌ಮೆಂಟ್ ಸ್ಟೋರ್ ಇತ್ತು. ಹೊರವಲಯ ಬೆಳೆದಂತೆ ಅದೇ ಮನೆತನದ ಅಂಗಡಿ ಮಾಲ್‌ಗೂ ಬಂತು. ಆಮೇಲೆ ಒಂದನ್ನೊಂದು ಕೊಂಡುಕೊಳ್ಳುತ್ತಾ ಹೋದವು. ಮೇಸೀಸ್‌ನ ಒಡೆತನ ಹೊಂದಿದ್ದ ಫೆಡರೇಟೆಡ್ ಕಂಪನಿ 2005ರಲ್ಲಿ ತನ್ನದೇ ಹಳೆ ಹೆಸರುಗಳನ್ನು ಕೈಬಿಟ್ಟಿತು: ಅಟ್ಲಾಂಟಾದ ರಿಚ್ಸ್, ಫ್ಲಾರಿಡಾದ ಬರ್ಡೈನ್ಸ್, ಒಹಾಯೋದ ಲಾಜರಸ್, ಸಿಯಾಟಲ್‌ನ ಬಾನ್ ಮಾರ್ಶೇ. ಅದೇ ವರ್ಷ ‘ಮೇ’ ಎಂಬ ಇನ್ನೊಂದು ಡಿಪಾರ್ಟ್‌ಮೆಂಟ್ ಸ್ಟೋರ್ ಕಂಪನಿಯನ್ನು ಕೊಂಡು, 2006ರ ಸೆಪ್ಟೆಂಬರ್‌ನಲ್ಲಿ ಸುಮಾರು 400 ಅಂಗಡಿಗಳ ಬೋರ್ಡನ್ನು ಒಂದೇ ಏಟಿಗೆ ಬದಲಿಸಿತು. ಪಿಟ್ಸ್‌ಬರ್ಗ್ ಕಡೆ ಕೌಫ್‌ಮನ್ಸ್, ಫಿಲಡೆಲ್ಫಿಯಾದಲ್ಲಿ ಸ್ಟ್ರಾಬ್ರಿಜಸ್, ಬಾಸ್ಟನ್‌ನಲ್ಲಿ ಫೈಲೀನ್ಸ್, ವಾಷಿಂಗ್ಟನ್ ಸುತ್ತ ಹೆಕ್ಟ್ಸ್, ಹ್ಯೂಸ್ಟನ್‌ನಲ್ಲಿ ಫೋಲೀಸ್, ಸೇಂಟ್ ಲೂಯಿಸ್‌ನಲ್ಲಿ ಫೇಮಸ್–ಬಾರ್, ಶಿಕಾಗೋದಲ್ಲಿ ಮಾರ್ಷಲ್ ಫೀಲ್ಡ್ಸ್ ಎಲ್ಲವೂ ಮೇಸೀಸ್ ಆದವು. ಪೆನ್ಸಿಲ್ವೇನಿಯಾದ ಯಾವ ಅಂಚಿನಲ್ಲಿದ್ದೀರಿ ಎಂಬುದರ ಮೇಲೆ ನಿಮ್ಮ ಹಳಬರು ಹೇಳುವ ಹೆಸರು ಮೊದಲೆರಡರಲ್ಲಿ ಒಂದಾಗಿರುವ ಸಂಭವ ಹೆಚ್ಚು.

ಸೌತ್‌ಡೇಲ್‌ನ ಕಟ್ಟಡಗಳನ್ನೇ ಒಂದೊಂದಾಗಿ ನೋಡಿ. ಡೇಟನ್ಸ್ 1990ರಲ್ಲಿ ಪಕ್ಕದಲ್ಲೇ ಕಟ್ಟಿದ ಹೊಸ, ದೊಡ್ಡ ಕಟ್ಟಡಕ್ಕೆ ಹೋಯಿತು, 2001ರಲ್ಲಿ ಮಾರ್ಷಲ್ ಫೀಲ್ಡ್ಸ್ ಆಯಿತು, 2006ರಲ್ಲಿ ಮೇಸೀಸ್. ಇನ್ನೊಂದು ತುದಿಯ ಡೊನಾಲ್ಡ್‌ಸನ್ಸ್ 1987ರಲ್ಲಿ ಕಾರ್ಸನ್ ಪಿರಿ ಸ್ಕಾಟ್ ಆಗಿ, ಆಮೇಲೆ ಮರ್ವಿನ್ಸ್, ಅದಾದ ಮೇಲೆ ಹರ್ಬರ್ಗರ್ಸ್ ಆಯಿತು. ಹರ್ಬರ್ಗರ್ಸ್‌ನ ಒಡೆಯ ಬಾನ್–ಟನ್ ಕಂಪನಿ 2018ರಲ್ಲಿ ದಿವಾಳಿಯೆದ್ದು ಎಲ್ಲ ಅಂಗಡಿ ಮುಚ್ಚಿತು. 1972ರಲ್ಲಿ ಸೇರಿಕೊಂಡ ಜೆ.ಸಿ. ಪೆನ್ನಿ 2017ರಲ್ಲಿ ಹೋಯಿತು. ಆ ಜಾಗದಲ್ಲಿ 2019ರಿಂದ ಲೈಫ್ ಟೈಮ್ ವ್ಯಾಯಾಮ ಕೇಂದ್ರವಿದೆ.

ಒಂದು ಮಾಲ್‌ನ ಚರಿತ್ರೆ ತಿಳಿಯಬೇಕೆನ್ನುವವರು ಸಣ್ಣ ಅಂಗಡಿಗಳಿಂದ ಶುರು ಮಾಡಬಾರದು. ಮೊದಲು ಆಂಕರ್‌ಗಳ ವಂಶಾವಳಿ ಬರೆದುಕೊಳ್ಳಿ. ಉಳಿದದ್ದೆಲ್ಲ ಅದಕ್ಕೆ ಜೋತುಬಿದ್ದಿರುತ್ತದೆ. ಹೇಗೆಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ದೊಡ್ಡ ಅಂಗಡಿಗಳು ಮಾಲ್‌ಗೆ ಬಾಡಿಗೆಯನ್ನೇ ಕೊಡುವುದಿಲ್ಲವಂತೆ, ಹೌದೇ? ಹಾಗಿದ್ದರೆ ಅವು ಮುಚ್ಚಿದಾಗ ಮಾಲ್ ಏಕೆ ಕುಸಿಯಬೇಕು? ಎಲ್ಲಕ್ಕೂ ಆನ್‌ಲೈನ್ ವ್ಯಾಪಾರವೇ ಕಾರಣ ತಾನೆ? (ಟೆಕ್ಸಸ್‌ನ ಓದುಗರು)

ಉತ್ತರ: ಮೂರು ಪ್ರಶ್ನೆಗೂ ಬಾಡಿಗೆ ಕರಾರಿನಲ್ಲೇ ಉತ್ತರವಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಸಿಯರ್ಸ್, ಪೆನ್ನಿ, ಮೇಸೀಸ್‌ನಂಥವು ಅನೇಕ ಕಡೆ ತಮ್ಮ ಕಟ್ಟಡವನ್ನೂ ಅದರ ಕೆಳಗಿನ ನೆಲವನ್ನೂ, ಮುಂದಿನ ಪಾರ್ಕಿಂಗ್‌ನ ಒಂದು ಭಾಗವನ್ನೂ ಸ್ವಂತಕ್ಕೆ ಹೊಂದಿದ್ದವು. ಇಲ್ಲವೇ ಹೆಸರಿಗಷ್ಟೇ ಎನ್ನುವಂಥ ಬಾಡಿಗೆ ಕೊಡುತ್ತಿದ್ದವು. ಜನರನ್ನು ಕರೆತರುವುದೇ ಅವು ಕೊಡುವ ಬಾಡಿಗೆ. ಎರಡು ತುದಿಗೆ ಎರಡು ಆಂಕರ್ ಇಟ್ಟರೆ ಒಂದರಿಂದ ಇನ್ನೊಂದಕ್ಕೆ ನಡೆಯುವ ಗಿರಾಕಿ ನಡುವಿನ ಸಣ್ಣ ಅಂಗಡಿಗಳ ಮುಂದೆ ಹಾದುಹೋಗಲೇಬೇಕು. ಮಾಲೀಕರ ನಿಜವಾದ ಆದಾಯ ಆ ನಡುವಿನ ಅಂಗಡಿಗಳಿಂದ.

ಸಣ್ಣ ಅಂಗಡಿಯ ಬಾಡಿಗೆಯಲ್ಲಿ ಮೂರು ತುಂಡು. ಮೊದಲನೆಯದು ಮೂಲ ಬಾಡಿಗೆ. ಎರಡನೆಯದು ಸಾಮಾನ್ಯ ಜಾಗದ ಖರ್ಚಿನ ಪಾಲು: ಗುಡಿಸುವುದು, ಕಾವಲು, ದೀಪ, ಹಿಮ ಎತ್ತುವುದು, ಪಾರ್ಕಿಂಗ್ ಡಾಂಬರು, ಇವುಗಳ ಜೊತೆಗೆ ತೆರಿಗೆ ಮತ್ತು ವಿಮೆ. ಮೂರನೆಯದು ವಹಿವಾಟಿನ ಮೇಲಿನ ಶೇಕಡಾವಾರು. ಲೆಕ್ಕ ಹೀಗೆ: 2,000 ಚದರಡಿಯ ಅಂಗಡಿ, ಚದರಡಿಗೆ ವರ್ಷಕ್ಕೆ 30 ಡಾಲರ್ ಎಂದಿಟ್ಟುಕೊಳ್ಳಿ; ಮೂಲ ಬಾಡಿಗೆ 60,000 ಡಾಲರ್. ಕರಾರಿನಲ್ಲಿ ಶೇ. 6 ಎಂದಿದ್ದರೆ, 60,000ವನ್ನು 0.06ರಿಂದ ಭಾಗಿಸಿ, 10 ಲಕ್ಷ ಡಾಲರ್ ಬರುತ್ತದೆ. ಅಲ್ಲಿಯವರೆಗಿನ ವ್ಯಾಪಾರಕ್ಕೆ ಹೆಚ್ಚುವರಿ ಏನೂ ಇಲ್ಲ. ವರ್ಷಕ್ಕೆ 12 ಲಕ್ಷದ ವ್ಯಾಪಾರವಾದರೆ ಮೇಲಿನ 2 ಲಕ್ಷಕ್ಕೆ ಶೇ. 6, ಅಂದರೆ ಇನ್ನೂ 12,000 ಡಾಲರ್ ಕೊಡಬೇಕು. ಮಾಲೀಕರಿಗೆ ಅಂಗಡಿಯ ವ್ಯಾಪಾರದ ಮೇಲೆ ಯಾವಾಗಲೂ ಕಣ್ಣಿರುವುದು ಇದಕ್ಕೇ. ವಹಿವಾಟು ಕಡಿಮೆಯಿರುವ ಅಂಗಡಿಗೆ ಕರಾರು ಮುಗಿದಾಗ ನವೀಕರಣ ಸಿಗದೆ, ಅಲ್ಲಿಗೆ ಇನ್ನೊಬ್ಬರು ಬರುತ್ತಾರೆ. ಚೆನ್ನಾಗಿ ನಡೆಯುವ ಮಾಲ್‌ನಲ್ಲೂ ಹತ್ತು ವರ್ಷಕ್ಕೊಮ್ಮೆ ಬೋರ್ಡುಗಳು ಬದಲಾಗುವುದಕ್ಕೆ ಇದು ಮುಖ್ಯ ಕಾರಣ. ಸಣ್ಣ ಅಂಗಡಿಯ ಕರಾರು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನದು.

ಈಗ ಕುಸಿತದ ವಿಷಯ. ದೊಡ್ಡ ಸರಣಿಯ ಅಂಗಡಿಗಳು ಕರಾರಿನಲ್ಲಿ ಸಹಬಾಡಿಗೆದಾರರ ಷರತ್ತು ಹಾಕಿಸುತ್ತವೆ: ‘ನಾಲ್ಕು ಆಂಕರ್‌ಗಳಲ್ಲಿ ಕನಿಷ್ಠ ಮೂರು ತೆರೆದಿರಬೇಕು, ಸಣ್ಣ ಅಂಗಡಿಗಳ ಜಾಗದಲ್ಲಿ ಶೇ. 75 ಭರ್ತಿಯಿರಬೇಕು’ ಎಂಬಂತೆ. ಷರತ್ತು ಮುರಿದರೆ ಮೂಲ ಬಾಡಿಗೆಯ ಬದಲು ವ್ಯಾಪಾರದ ಒಂದು ಸಣ್ಣ ಪಾಲು ಕೊಟ್ಟರೆ ಸಾಕು. ಒಂದು ವರ್ಷದೊಳಗೆ ಸರಿಯಾಗದಿದ್ದರೆ ದಂಡವಿಲ್ಲದೆ ಅಂಗಡಿ ಎತ್ತಬಹುದು. ಹೀಗಾಗಿ ಬಾಡಿಗೆಯನ್ನೇ ಕೊಡದಿದ್ದ ಆಂಕರ್ ಹೋದರೆ ಬಾಡಿಗೆ ಕೊಡುತ್ತಿದ್ದ ಇಪ್ಪತ್ತು ಅಂಗಡಿಗಳ ಬಾಡಿಗೆ ಒಟ್ಟಿಗೆ ಇಳಿಯುತ್ತದೆ. ಖರ್ಚು ಮಾತ್ರ ಇಳಿಯುವುದಿಲ್ಲ. ಅರ್ಧ ಖಾಲಿಯಾದ ಮಾಲ್‌ನ ನಡುದಾರಿಯನ್ನೂ ಪೂರ್ತಿ ಬೆಚ್ಚಗಿಡಬೇಕು, ಪಾರ್ಕಿಂಗ್‌ನ ಹಿಮವನ್ನೂ ಪೂರ್ತಿ ಎತ್ತಬೇಕು. ಉಳಿದವರ ಪಾಲು ಏರುತ್ತದೆ, ಅವರೂ ಹೊರಡುತ್ತಾರೆ.

ಮುಂದೆ ಏಟು ಬೀಳುವುದು ಸೂರಿಗೆ. ಮಾಲ್‌ನ ಸೂರು ಎಕರೆಗಟ್ಟಲೆ ಸಮತಟ್ಟು. ಹೊದಿಕೆಯ ಬಾಳಿಕೆ ಸುಮಾರು 20 ವರ್ಷ. ನೀರು ಹರಿಯುವ ಕಂಡಿಗಳಲ್ಲಿ ಎಲೆ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ, ಹವಾನಿಯಂತ್ರಕಗಳ ಬುಡದ ಜೋಡಣೆಯಲ್ಲಿ ಸೋರಲು ಶುರುವಾಗುತ್ತದೆ. ಆದಾಯವಿಲ್ಲದ ಮಾಲೀಕರು ಹೊದಿಕೆ ಬದಲಿಸುವ ಬದಲು ತೇಪೆ ಹಾಕುತ್ತಾರೆ. ನಡುದಾರಿಯಲ್ಲಿ ಬಕೆಟ್‌ಗಳು ಕಂಡವೆಂದರೆ ಆ ಮಾಲ್‌ನ ಲೆಕ್ಕಪತ್ರ ಎಲ್ಲಿಗೆ ಬಂದಿದೆ ಎಂದು ಗೊತ್ತಾಗುತ್ತದೆ. ಮಾಲೀಕರ ಸಾಲವೂ ಹೆಚ್ಚಾಗಿ ಹತ್ತು ವರ್ಷಕ್ಕೆ ಒಮ್ಮೆಗೇ ತೀರಿಸಬೇಕಾದದ್ದು. ಆ ಗಡುವು ಖಾಲಿ ಆಂಕರ್ ಇರುವ ಹೊತ್ತಿಗೇ ಬಂದರೆ ಹೊಸ ಸಾಲ ಹುಟ್ಟುವುದಿಲ್ಲ.

ಆನ್‌ಲೈನ್ ವ್ಯಾಪಾರದ ಪಾತ್ರ ಇದೆ, ಆದರೆ ಅದು ತಡವಾಗಿ ಬಂದದ್ದು. 2010ರಲ್ಲಿ ಅಮೆರಿಕದ ಚಿಲ್ಲರೆ ಮಾರಾಟದಲ್ಲಿ ಅದರ ಪಾಲು ಶೇ. 5ರ ಆಸುಪಾಸು. ಶಿಕಾಗೋ ಪಕ್ಕದ ಹಾರ್ವಿಯ ಡಿಕ್ಸಿ ಸ್ಕ್ವೇರ್ ಮಾಲ್ 1966ರಲ್ಲಿ ತೆರೆದು 1978ಕ್ಕೇ ಮುಚ್ಚಿತು. ಮಾಂಟ್‌ಗೊಮರಿ ವಾರ್ಡ್ ಎಂಬ ಆಂಕರ್ ಸರಣಿ 2001ರಲ್ಲಿ ಎಲ್ಲ ಅಂಗಡಿ ಮುಚ್ಚಿದಾಗ ಜನ ಮೊಬೈಲ್‌ನಲ್ಲಿ ಬಟ್ಟೆ ಕೊಳ್ಳುತ್ತಿರಲಿಲ್ಲ. ಒಂದೇ ಜನಸಂಖ್ಯೆಗೆ ಎರಡು ಮೂರು ಮಾಲ್ ಕಟ್ಟಿದ್ದು, ಆಂಕರ್ ಕಂಪನಿಗಳು ಒಂದರಲ್ಲೊಂದು ಕರಗಿದ್ದು, ಕೆಲಸ ಬತ್ತಿದ ಕಾರ್ಖಾನೆ ಊರುಗಳಲ್ಲಿ ಕೊಳ್ಳುವವರೇ ಕಡಿಮೆಯಾದದ್ದು, ಇವು ಮೊದಲಿನ ಕಾರಣಗಳು.

ಪ್ರಶ್ನೆ: ಅಷ್ಟೊಂದು ಮಾಲ್‌ಗಳನ್ನು ಕಟ್ಟಿದ್ದಾದರೂ ಏಕೆ? (ಅದೇ ಓದುಗರು)

ಉತ್ತರ: ಉಪನಗರದ ಮನೆಗಳು, ಕಾರು, 1956ರ ಹೆದ್ದಾರಿ ಕಾಯ್ದೆ ಎಲ್ಲರಿಗೂ ಗೊತ್ತಿರುವವು. ಕಡಿಮೆ ಜನಕ್ಕೆ ಗೊತ್ತಿರುವುದು 1954ರ ಆದಾಯ ತೆರಿಗೆ ಸಂಹಿತೆ. ಅದಕ್ಕೆ ಮೊದಲು ಕಟ್ಟಡದ ಸವಕಳಿಯನ್ನು (ಹಳತಾಗುತ್ತಾ ಅದು ಕಳೆದುಕೊಳ್ಳುವ ಬೆಲೆ; ತೆರಿಗೆ ಲೆಕ್ಕದಲ್ಲಿ ಇದನ್ನು ಆದಾಯದಿಂದ ಕಳೆಯಬಹುದು) ಅದರ ಆಯುಷ್ಯಕ್ಕೆ, ಸುಮಾರು 40 ವರ್ಷಕ್ಕೆ, ಸಮನಾಗಿ ಹಂಚಬೇಕಿತ್ತು. 1 ಕೋಟಿ ಡಾಲರ್ ಕಟ್ಟಡಕ್ಕೆ ವರ್ಷಕ್ಕೆ 2.5 ಲಕ್ಷ. ಹೊಸ ಸಂಹಿತೆ ಹೊಸ ಕಟ್ಟಡಗಳಿಗೆ ಮೊದಲ ವರ್ಷಗಳಲ್ಲೇ ಅದರ ಎರಡರಷ್ಟು, ಅಂದರೆ ಮೊದಲ ವರ್ಷ 5 ಲಕ್ಷ, ಕಳೆಯಲು ಬಿಟ್ಟಿತು. ಕೈಗೆ ಬಾಡಿಗೆ ಬರುತ್ತಿದ್ದರೂ ಕಾಗದದ ಮೇಲೆ ನಷ್ಟ. ಆ ನಷ್ಟವನ್ನು ಬೇರೆ ಆದಾಯದ ಮುಂದಿಟ್ಟು ತೆರಿಗೆ ಉಳಿಸಬಹುದು. ಲಾಭ ಹೊಸ ಕಟ್ಟಡಕ್ಕೇ ಹೆಚ್ಚಾದ್ದರಿಂದ ಪೇಟೆಯ ಹಳೆ ಅಂಗಡಿ ದುರಸ್ತಿ ಮಾಡುವುದಕ್ಕಿಂತ ಹೊಲದಲ್ಲಿ ಹೊಸದು ಕಟ್ಟುವುದೇ ಲೇಸೆನಿಸಿತು. 1986ರ ತೆರಿಗೆ ಸುಧಾರಣೆ ಈ ದಾರಿಯನ್ನು ಮುಚ್ಚಿತು.

ಪ್ರಶ್ನೆ: ನಮ್ಮ ಪಟ್ಟಣದ ಮಾಲ್ ಸದ್ಯದಲ್ಲೇ ನೆಲಸಮವಾಗಲಿದೆ. ಯಾವ ಜಾಗದಲ್ಲಿ ಯಾವಾಗ ಯಾವ ಅಂಗಡಿ ಇತ್ತು ಎಂದು ನಾವು ಕೆಲವರು ಸೇರಿ ದಾಖಲಿಸಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡುವುದು? (ಒಹಾಯೋದ ಓದುಗರು)

ಉತ್ತರ: ಬಹಳ ಒಳ್ಳೆಯ ಕೆಲಸ. ಕಟ್ಟಡ ನಿಂತಿರುವಾಗಲೇ ಶುರು ಮಾಡಿ. ಕಾಗದಪತ್ರ ಆಮೇಲೂ ಸಿಗುತ್ತವೆ, ಗೋಡೆ ಸಿಗುವುದಿಲ್ಲ.

ಮೊದಲು ಬೇಕಾದದ್ದು ಒಂದು ನಕ್ಷೆ, ಅದರಲ್ಲಿ ಪ್ರತಿ ಜಾಗದ ಸಂಖ್ಯೆ. ಅಂಗಡಿಯ ಹೆಸರಿನಿಂದ ದಾಖಲಿಸಲು ಹೊರಟರೆ ಹತ್ತನೇ ಅಂಗಡಿಗೇ ಗೊಂದಲವಾಗುತ್ತದೆ. ಅಂಗಡಿಗಳ ಹಿಂದೆ ಸರಕು ಸಾಗಿಸುವ ಕಿರಿದಾದ ಓಣಿ ಇರುತ್ತದೆ. ಅಲ್ಲಿನ ಬಣ್ಣ ಬಳಿದ ಕಬ್ಬಿಣದ ಬಾಗಿಲುಗಳ ಮೇಲೆ ಜಾಗದ ಸಂಖ್ಯೆ ಬರೆದಿರುತ್ತದೆ. ಮುಂದಿನ ಬೋರ್ಡು ಹತ್ತು ಸಲ ಬದಲಾದರೂ ಈ ಸಂಖ್ಯೆ ಸಾಮಾನ್ಯವಾಗಿ ಉಳಿದಿರುತ್ತದೆ. ಆಡಳಿತದ ಕಚೇರಿಯಿಂದ ಅನುಮತಿ ಪಡೆದೇ ಒಳಗೆ ಹೋಗಿ. ನಗರಸಭೆಯಲ್ಲಿರುವ ಒಳಾಂಗಣ ಕೆಲಸದ ಕಟ್ಟಡ ಪರವಾನಗಿಗಳೂ ಜಾಗದ ಸಂಖ್ಯೆಯ ಮೇಲೇ ದಾಖಲಾಗಿರುತ್ತವೆ, ಆದ್ದರಿಂದ ಎರಡೂ ತಾಳೆಯಾಗುತ್ತವೆ. ದೊಡ್ಡ ನವೀಕರಣವಾದಾಗ ಸಂಖ್ಯೆಗಳನ್ನೇ ಬದಲಿಸಿರುವುದುಂಟು. ನವೀಕರಣದ ವರ್ಷವನ್ನು ಮೊದಲೇ ಗುರುತು ಮಾಡಿಕೊಳ್ಳಿ.

ಎರಡನೆಯದು ಬೋರ್ಡಿನ ಕಲೆ. ಗೋಡೆಯಿಂದ ಅಕ್ಷರಗಳನ್ನು ಕಿತ್ತ ಮೇಲೆ ಆ ಆಕಾರದಲ್ಲಿ ಉಳಿಯುವ ಮಾಸಲು ಗುರುತು ಇದು. ಸುತ್ತಲಿನ ಇಟ್ಟಿಗೆ ಬಿಸಿಲಿಗೆ, ಧೂಳಿಗೆ ಬಣ್ಣಗೆಟ್ಟಿರುತ್ತದೆ. ಅಕ್ಷರದ ಹಿಂದಿನದು ಮೊದಲಿನಂತೇ ಇರುತ್ತದೆ. ನಡುಹಗಲಲ್ಲಿ ನೋಡಿದರೆ ಏನೂ ಕಾಣದ ಗೋಡೆಯಲ್ಲಿ ಬೆಳಗ್ಗೆ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಪೂರ್ತಿ ಹೆಸರು ಓದಬಹುದು. ಮಳೆ ನಿಂತು ಗೋಡೆ ಒಣಗುತ್ತಿರುವಾಗ ಇನ್ನೂ ಚೆನ್ನ, ಹಳೆ ತೂತುಗಳ ಸುತ್ತ ತೇವ ತಡವಾಗಿ ಆರುತ್ತದೆ. ಗೋಡೆಗೆ ಬಣ್ಣ ಹೊಡೆದು ಕಲೆ ಮುಚ್ಚಿದ್ದರೆ ತೂತುಗಳ ಸಾಲು ನೋಡಿ: ಮೊಳೆ ಕಿತ್ತು ಗಾರೆ ಮೆತ್ತಿದ ಚುಕ್ಕೆಗಳು ಅಕ್ಷರಕ್ಕೆ ನಾಲ್ಕೋ ಆರೋ ಇರುತ್ತವೆ. ಅವುಗಳ ಅಂತರವನ್ನು ಹಳೆ ಫೋಟೋದಲ್ಲಿನ ಬೋರ್ಡಿನೊಂದಿಗೆ ಹೋಲಿಸಿ. ಒಂದರ ಮೇಲೊಂದು ಎರಡು ಹೆಸರಿನ ಕಲೆ ಇದ್ದರೆ, ಹೆಚ್ಚು ಸ್ಪಷ್ಟವಾಗಿ ಕಾಣುವುದು ಕೊನೆಗೆ ಬಂದದ್ದು ಎಂದುಕೊಳ್ಳಬೇಡಿ. ಹೆಚ್ಚು ಕಾಲ ಇದ್ದದ್ದರ ಗುರುತೇ ಗಾಢ.

ಅಂಗಡಿಯೊಳಗೆ ನೆಲ ನೋಡಿ. ನಡುದಾರಿಯ ಹಾಸು ಎಲ್ಲಿ ನಿಂತು ಅಂಗಡಿಯ ಹಾಸು ಎಲ್ಲಿ ಶುರುವಾಗುತ್ತದೋ ಅದು ಕರಾರಿನ ಗೆರೆ. ಹಳೆಯ ಹಾಸಿನಲ್ಲಿ ಅಡ್ಡಲಾಗಿ ತೇಪೆಯ ಪಟ್ಟಿಯೊಂದು ಕಂಡರೆ ಅಲ್ಲಿ ಮೊದಲು ಗೋಡೆಯಿತ್ತು, ಈಗಿನ ಒಂದು ಅಂಗಡಿ ಮೊದಲು ಎರಡಾಗಿತ್ತು ಎಂದರ್ಥ.

ಇನ್ನು ಕಾಗದಪತ್ರ. ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಹಳೆ ಪತ್ರಿಕೆಗಳ ಜಾಹೀರಾತು, ಅದರಲ್ಲೂ ಜಾಹೀರಾತಿನ ಬುಡ. ಸರಣಿ ಅಂಗಡಿಗಳು ಕೆಳಗೆ ಸಣ್ಣ ಅಕ್ಷರದಲ್ಲಿ ತಮ್ಮ ಎಲ್ಲ ಶಾಖೆಗಳ ಪಟ್ಟಿ ಹಾಕುತ್ತಿದ್ದವು. ಒಂದು ಅಂಗಡಿಯ ಜಾಹೀರಾತನ್ನು ವರ್ಷಕ್ಕೆ ಎರಡರಂತೆ, ಆಗಸ್ಟ್‌ನಲ್ಲಿ ಒಂದು ಡಿಸೆಂಬರ್‌ನಲ್ಲಿ ಒಂದು, ನೋಡುತ್ತಾ ಹೋಗಿ. ನಿಮ್ಮ ಮಾಲ್‌ನ ಹೆಸರು ಯಾವ ಪಟ್ಟಿಯಲ್ಲಿ ಮೊದಲು ಬಂತು, ಯಾವುದರಲ್ಲಿ ಮಾಯವಾಯಿತು ಎಂಬುದರಿಂದ ತೆರೆದ ಮತ್ತು ಮುಚ್ಚಿದ ಕಾಲ ಆರು ತಿಂಗಳೊಳಗೆ ಸಿಕ್ಕುತ್ತದೆ. ಮಾಲ್ ಉದ್ಘಾಟನೆಯ ವಾರದಲ್ಲಿ ಸ್ಥಳೀಯ ಪತ್ರಿಕೆ ತಂದ ವಿಶೇಷ ಪುರವಣಿಯಲ್ಲಿ ಮೊದಲ ಅಂಗಡಿಗಳ ಪೂರ್ತಿ ಪಟ್ಟಿ ಇರುತ್ತದೆ. ಗ್ರಂಥಾಲಯದ ಮೈಕ್ರೋಫಿಲ್ಮ್‌ನಲ್ಲಿ ಸಿಕ್ಕೀತು. ಲೈಬ್ರರಿ ಆಫ್ ಕಾಂಗ್ರೆಸ್‌ನ ಉಚಿತ ಪತ್ರಿಕಾ ಸಂಗ್ರಹ 1963ಕ್ಕೆ ನಿಲ್ಲುತ್ತದೆ, 70ರ ದಶಕದ ಮಾಲ್‌ಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಕೌಂಟಿಯ ನೋಂದಣಿ ಕಚೇರಿಯಲ್ಲಿ ಮಾಲೀಕರಿಗೂ ಆಂಕರ್‌ಗಳಿಗೂ ಆದ ಪರಸ್ಪರ ಒಪ್ಪಂದ ಸಿಗುತ್ತದೆ. ಪಾರ್ಕಿಂಗ್ ಹಂಚಿಕೊಳ್ಳುವುದು, ಯಾರು ಎಷ್ಟು ವರ್ಷ ಅಂಗಡಿ ತೆರೆದಿಡಬೇಕು, ಎಲ್ಲಿ ಕಟ್ಟಬಾರದು ಎಂಬುದೆಲ್ಲ ಅದರಲ್ಲಿರುತ್ತದೆ, ನಕ್ಷೆಯೂ ಲಗತ್ತಾಗಿರುತ್ತದೆ. ಮಾಲೀಕ ಕಂಪನಿ ಷೇರುಪೇಟೆಯಲ್ಲಿದ್ದರೆ ಅದರ ವಾರ್ಷಿಕ ವರದಿಯಲ್ಲಿ ಮಾಲ್‌ವಾರು ಆಂಕರ್ ಪಟ್ಟಿಯೂ ಕಟ್ಟಿದ ಅಥವಾ ಕೊಂಡ ವರ್ಷವೂ ಇರುತ್ತದೆ; ಅಮೆರಿಕದ ಷೇರು ನಿಯಂತ್ರಣ ಆಯೋಗದ ಎಡ್ಗರ್ ತಾಣದಲ್ಲಿ 1996ರಿಂದೀಚಿನವನ್ನು ಯಾರು ಬೇಕಾದರೂ ನೋಡಬಹುದು. ಕಟ್ಟಡದ ವಿಸ್ತರಣೆ ಯಾವಾಗ ಆಯಿತೆಂದು ತಿಳಿಯಲು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಅರ್ತ್‌ಎಕ್ಸ್‌ಪ್ಲೋರರ್ ತಾಣದಲ್ಲಿ ಹಳೆ ವೈಮಾನಿಕ ಚಿತ್ರಗಳಿವೆ. ಗೂಗಲ್ ಸ್ಟ್ರೀಟ್ ವ್ಯೂ ಶುರುವಾದದ್ದು 2007ರಲ್ಲಿ. ಅಲ್ಲಿಂದೀಚಿನ ಹೊರಬೋರ್ಡುಗಳಿಗೆ ಅದು ಸಾಕು. ಮಾಲ್‌ನಲ್ಲಿ ಹಂಚುತ್ತಿದ್ದ ಮಡಿಕೆ ನಕ್ಷೆಗಳು ಜನರ ಮನೆಯ ಹಳೆ ಡಬ್ಬಿಗಳಲ್ಲಿ ಇರುತ್ತವೆ. ಊರಿನಲ್ಲಿ ಕೇಳಿ ನೋಡಿ. ಅವುಗಳಲ್ಲಿ ವರ್ಷ ಅಚ್ಚಾಗಿರುವುದಿಲ್ಲ. ಆಂಕರ್‌ಗಳ ಹೆಸರಿನಿಂದಲೇ ಕಾಲ ನಿರ್ಧರಿಸಬೇಕು. ವಂಶಾವಳಿ ಮೊದಲು ಬರೆದುಕೊಳ್ಳಿ ಎಂದದ್ದು ಇದಕ್ಕೇ.

ತಪ್ಪುಗಳು ನುಸುಳುವುದು ಹೆಚ್ಚಾಗಿ ಮೂರು ಕಡೆ. ‘ಬರಲಿದೆ’ ಎಂಬ ಸುದ್ದಿಯನ್ನು ‘ಬಂತು’ ಎಂದು ಬರೆದುಕೊಳ್ಳುವುದು ಒಂದು. ಘೋಷಿಸಿ ಬಾರದೇ ಹೋದ ಅಂಗಡಿಗಳು ಬೇಕಾದಷ್ಟಿವೆ. ಹೆಸರು ಬದಲಾದದ್ದನ್ನು ಮುಚ್ಚಿದ್ದೆಂದು ಎಣಿಸುವುದು ಇನ್ನೊಂದು. ಜೊತೆಗೆ ಅದೇ ಅಂಗಡಿ ಮಾಲ್‌ನೊಳಗೇ ಜಾಗ ಬದಲಿಸಿರಬಹುದು, ಸೌತ್‌ಡೇಲ್‌ನ ಡೇಟನ್ಸ್ ಹಾಗೆ. ಮೂರನೆಯದು ‘ತೆರೆದ ವರ್ಷ’. ಆಂಕರ್‌ಗಳು ಮಾಲ್‌ಗಿಂತ ತಿಂಗಳುಗಟ್ಟಲೆ ಮೊದಲು, ಕೆಲವೊಮ್ಮೆ ವರ್ಷ ಮೊದಲೇ ತೆರೆಯುತ್ತಿದ್ದವು. ಯಾವುದರ ಉದ್ಘಾಟನೆ ಎಂದು ಸ್ಪಷ್ಟವಾಗಿ ಬರೆಯಿರಿ. ನೆನಪಿನ ಮಾತು ಕೇಳುವಾಗ ‘ಯಾವ ವರ್ಷ’ ಎಂದು ಕೇಳಬೇಡಿ, ‘ಅದರ ಎದುರಿಗೆ ಏನಿತ್ತು’ ಎಂದು ಕೇಳಿ. ಜನರಿಗೆ ಇಸವಿ ಮರೆಯುತ್ತದೆ, ಎದುರಿನ ಅಂಗಡಿ ಮರೆಯುವುದಿಲ್ಲ.

ಪ್ರಶ್ನೆ: ಹಳೆ ಮಾಲ್ ಫೋಟೋಗಳಲ್ಲಿ ವೂಲ್‌ವರ್ತ್ ಅಂಗಡಿ ಕಾಣುತ್ತದೆ. ಅದು ಏನಾಯಿತು? (ನ್ಯೂಜೆರ್ಸಿಯ ಓದುಗರು)

ಉತ್ತರ: ಚಿಲ್ಲರೆ ಸಾಮಾನಿನ ಅಗ್ಗದ ಅಂಗಡಿ ಅದು, ಊಟದ ಕಟ್ಟೆಯೂ ಇರುತ್ತಿತ್ತು. ಅಮೆರಿಕದಲ್ಲಿ ಉಳಿದಿದ್ದ ಸುಮಾರು 400 ಅಂಗಡಿಗಳನ್ನು 1997ರಲ್ಲಿ ಮುಚ್ಚಿದರು. ಕಂಪನಿ ಮಾತ್ರ ಮುಳುಗಲಿಲ್ಲ. ಅದರ ಕಿನ್ನಿ ಶೂ ವಿಭಾಗ 1974ರಲ್ಲಿ ಕ್ಯಾಲಿಫೋರ್ನಿಯಾದ ಪ್ಯುಎಂಟೆ ಹಿಲ್ಸ್ ಮಾಲ್‌ನಲ್ಲಿ ಫುಟ್ ಲಾಕರ್ ಎಂಬ ಅಂಗಡಿ ತೆರೆದಿತ್ತು. 2001ರಲ್ಲಿ ಇಡೀ ಕಂಪನಿ ಆ ಹೆಸರನ್ನೇ ಇಟ್ಟುಕೊಂಡಿತು. ಊಟದ ಕಟ್ಟೆಯ ಜಾಗವನ್ನು ಫುಡ್ ಕೋರ್ಟ್ ತುಂಬಿತು. ಅದನ್ನು ಗೆಲ್ಲಿಸಿ ತೋರಿಸಿದ್ದು ನಿಮ್ಮ ರಾಜ್ಯದ್ದೇ ಪರಾಮಸ್ ಪಾರ್ಕ್ ಮಾಲ್, 1974ರಲ್ಲಿ.

ಪ್ರಶ್ನೆ: ಖಾಲಿ ಆಂಕರ್ ಕಟ್ಟಡಗಳನ್ನು ವಸತಿಗೆ ಬಳಸಬಾರದೇ? ಒಡೆಯುವುದೇಕೆ? (ಕೊಲೊರಾಡೋದ ಓದುಗರು)

ಉತ್ತರ: ಕಟ್ಟಡದ ಆಳ ಅಡ್ಡಬರುತ್ತದೆ. ಆಂಕರ್ ಎಂದರೆ ಸಾಮಾನ್ಯವಾಗಿ 1 ಲಕ್ಷದಿಂದ 2 ಲಕ್ಷ ಚದರಡಿ, ಕಿಟಕಿಯಿಲ್ಲದ ಪೆಟ್ಟಿಗೆ. ಮಲಗುವ ಕೋಣೆಗೆ ಕಿಟಕಿ ಬೇಕು. ಹೊರಗೋಡೆಯಿಂದ 30 ಅಡಿಗಿಂತ ಒಳಕ್ಕೆ ಹೋದರೆ ಬೆಳಕಿಲ್ಲ. ನಡುವನ್ನು ಕೊರೆದು ಅಂಗಳ ಮಾಡಬೇಕು. ನೀರಿನ ಕೊಳವೆಗಳೂ ಒಂದೆರಡು ಕಡೆ ಮಾತ್ರ ಇರುತ್ತವೆ, ಮನೆಗೆ ಪ್ರತಿ ಇಪ್ಪತ್ತು ಮೂವತ್ತು ಅಡಿಗೆ ಬೇಕು. ಇಷ್ಟೆಲ್ಲ ಮಾಡುವ ಖರ್ಚಿಗೆ ಹೊಸದೇ ಕಟ್ಟಬಹುದು. ಇದರ ಜೊತೆಗೆ ಒಹಾಯೋದ ಓದುಗರಿಗೆ ಹೇಳಿದ ಪರಸ್ಪರ ಒಪ್ಪಂದ: ಆಂಕರ್ ಮುಚ್ಚಿದರೂ ಅದರ ಕಟ್ಟಡ ಕೊಂಡವರ ಒಪ್ಪಿಗೆಯಿಲ್ಲದೆ ಪಾರ್ಕಿಂಗ್ ಬಯಲಿನಲ್ಲಿ ಏನನ್ನೂ ಕಟ್ಟುವಂತಿಲ್ಲ. ಒಬ್ಬರು ಒಪ್ಪದೆ ಯೋಜನೆ ವರ್ಷಗಟ್ಟಲೆ ಕೂತುಬಿಡುವುದು ಹೀಗೆ.

ಪೆಟ್ಟಿಗೆಯ ಗುಣವನ್ನೇ ಅನುಕೂಲ ಮಾಡಿಕೊಂಡವು ಗೆದ್ದಿವೆ. ಆಸ್ಟಿನ್‌ನ ಹೈಲ್ಯಾಂಡ್ ಮಾಲ್‌ನ ಪೆನ್ನಿ ಕಟ್ಟಡ 2014ರಿಂದ ಸಮುದಾಯ ಕಾಲೇಜು. ನ್ಯಾಶ್‌ವಿಲ್‌ನ ಒನ್ ಹಂಡ್ರೆಡ್ ಓಕ್ಸ್ ಮಾಲ್‌ನಲ್ಲಿ 2009ರಿಂದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಹೊರರೋಗಿ ಚಿಕಿತ್ಸಾಲಯಗಳಿವೆ: ಪಾರ್ಕಿಂಗ್ ಹೇರಳ, ದೊಡ್ಡ ಅಂತಸ್ತು, ರೋಗಿ ದೂರ ಹತ್ತಿ ಇಳಿಯಬೇಕಿಲ್ಲ. ವರ್ಮಾಂಟ್‌ನ ಬರ್ಲಿಂಗ್‌ಟನ್‌ನಲ್ಲಿ ಪ್ರೌಢಶಾಲೆಯ ಕಟ್ಟಡದಲ್ಲಿ ವಿಷಕಾರಿ ಪಿಸಿಬಿ ಪತ್ತೆಯಾದಾಗ, 2021ರ ಮಾರ್ಚ್‌ನಲ್ಲಿ ತರಗತಿಗಳನ್ನು ಖಾಲಿ ಮೇಸೀಸ್‌ಗೆ ತಂದರು. ವಿದ್ಯಾರ್ಥಿಗಳು ಎಸ್ಕಲೇಟರ್‌ನಲ್ಲೇ ತರಗತಿಗೆ ಹೋಗುತ್ತಿದ್ದರು. ತಡಿಕೆ ಗೋಡೆಗಳು ಸೂರಿಗೆ ಮುಟ್ಟದಿದ್ದರಿಂದ ಪಕ್ಕದ ತರಗತಿಯ ಪಾಠ ಈಚೆಗೂ ಕೇಳುತ್ತಿತ್ತು.

ಒಡೆದು ಕಟ್ಟಿದ್ದಕ್ಕೆ ನಿಮ್ಮ ಪಕ್ಕದಲ್ಲೇ ಒಳ್ಳೆಯ ಉದಾಹರಣೆಯಿದೆ. ಲೇಕ್‌ವುಡ್‌ನ ವಿಲ್ಲಾ ಇಟಾಲಿಯಾ ಮಾಲ್ 1966ರದು. ಅದನ್ನು ಕೆಡವಿ ಬೀದಿಗಳನ್ನು ಹಾಕಿ, ಕೆಳಗೆ ಅಂಗಡಿ ಮೇಲೆ ಮನೆ ಇರುವ ಬೆಲ್‌ಮಾರ್ ಪೇಟೆಯನ್ನು 2004ರಲ್ಲಿ ತೆರೆದರು. ಒಹಾಯೋದ ರ‍್ಯಾಂಡಲ್ ಪಾರ್ಕ್ ಮಾಲ್ 1976ರಲ್ಲಿ 22 ಲಕ್ಷ ಚದರಡಿಯೊಂದಿಗೆ ತೆರೆದು 2009ರಲ್ಲಿ ಮುಚ್ಚಿತು. ಆ ನೆಲದಲ್ಲಿ 2018ರಿಂದ ಅಮೆಜಾನ್ ಉಗ್ರಾಣವಿದೆ. ಹೆದ್ದಾರಿಯ ಪಕ್ಕ, ಸಮತಟ್ಟು, ವಿದ್ಯುತ್ತೂ ಒಳಚರಂಡಿಯೂ ಮೊದಲೇ ಬಂದಿರುವ ಹತ್ತಾರು ಎಕರೆ ಉಗ್ರಾಣಕ್ಕೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಸಿಯಾಟಲ್‌ನ ನಾರ್ತ್‌ಗೇಟ್‌ನ ಬಹುಭಾಗವನ್ನೂ ಒಡೆದಿದ್ದಾರೆ. ಅಲ್ಲೀಗ ಕ್ರಾಕನ್ ಐಸ್ ಹಾಕಿ ತಂಡ ಅಭ್ಯಾಸ ಮಾಡುವ ಮೂರು ಹಿಮದ ಅಂಗಳಗಳಿವೆ, ಊರಿನ ಮಕ್ಕಳೂ ಅಲ್ಲಿ ಸ್ಕೇಟಿಂಗ್ ಕಲಿಯುತ್ತಾರೆ. ಆ ಅಂಗಳಗಳೂ ಪಕ್ಕದ ರೈಲು ನಿಲ್ದಾಣವೂ ಶುರುವಾದದ್ದು 2021ರಲ್ಲಿ.